ಕಾಲ್ದೆಸೆಯ ಹಗ್ಗ

"ಕೆಳಗಿಡೋವರೆಗೂ ಕೈ ಬಿಡಬೇಡ ಕಣೋ, ಮುರ್ಡೊ."

"ಬಿಡಲ್ಲ, ಧಣಿ."

ಮಾತು ಕೊಟ್ಟದ್ದು ಯುದ್ಧದ ಕಾಲದಲ್ಲಿ, ಫ್ರಾನ್ಸಿನ ಮೊಣಕಾಲುದ್ದದ ಕೆಸರಿನಲ್ಲಿ. ಕಿನ್‌ಲ್ಯಾರಿ ಕಣಿವೆಯ ಒಡೆಯ, ಅರ್ಲ್ ಹ್ಯೂ ಡಲ್ಗಾರ್ನೊ ಅವರ ಬಲಗಾಲನ್ನು ಆಗಷ್ಟೇ ತೊಡೆಯ ಬುಡದಿಂದ ಕತ್ತರಿಸಿ ತೆಗೆದಿದ್ದರು. ಸ್ಟ್ರೆಚರಿನ ತಲೆದೆಸೆಯನ್ನು ಯಾರೋ ಸಿಪಾಯಿ ಹಿಡಿದಿದ್ದ. ಕಾಲ್ದೆಸೆಯನ್ನು ಹಿಡಿದವನು ಅವರದೇ ಎಸ್ಟೇಟಿನ ಕಾಡುಗಾವಲಿನವನ ಮಗ, ಮುರ್ಡೊ ಗೆಡ್ಡೆಸ್. ಎಡಗೈಗೆ ಭಾರ, ಬಲಗೈಗೆ ಬರೀ ಗಾಳಿ. ಸ್ಟ್ರೆಚರು ಹೆಜ್ಜೆಹೆಜ್ಜೆಗೂ ಒಂದು ಮಗ್ಗುಲಿಗೆ ವಾಲುತ್ತಿತ್ತು. ಆ ಹಗುರವನ್ನು ಅವನ ಕೈ ಇವತ್ತಿಗೂ ಮರೆತಿಲ್ಲ.

ಅಂಥ ನೋವಿನಲ್ಲೂ ಧಣಿಗಳ ತಮಾಷೆ ನಿಂತಿರಲಿಲ್ಲ. ನನ್ನನ್ನು ಮಣ್ಣಿಗಿಳಿಸುವ ದಿನ ಶವಪೆಟ್ಟಿಗೆಯ ತಲೆದೆಸೆಯ ಹಗ್ಗ ಮಗನದು, ಅದು ಶಾಸ್ತ್ರ. ಕಾಲ್ದೆಸೆಯದು ಮಾತ್ರ ನಿನ್ನದು, ಅವತ್ತೂ ಹೀಗೇ, ಪೆಟ್ಟಿಗೆ ನೆಲ ಮುಟ್ಟುವವರೆಗೂ ಬಿಡುವ ಹಾಗಿಲ್ಲ ಎಂದಿದ್ದರು. ಮುರ್ಡೊ ಅದಕ್ಕೂ ಹೂಂ ಅಂದಿದ್ದ.

ಆ ದಿನ ಬಂದಿತ್ತು. ಹಗ್ಗ ಹಿಡಿಯಲು ಮಾತ್ರ ಅವನನ್ನು ಯಾರೂ ಕರೆದಿರಲಿಲ್ಲ.

* * *

"ನಾನು ಅಪ್ಪನ ಹಣೆ ಮುಟ್ಟಿಲ್ಲ," ಅಂದಳು ಧಣಿಗಳ ಮಗಳು ಮಾರ್ಸಲಿ.

ಕಿನ್‌ಲ್ಯಾರಿ ಮನೆಯ ದೊಡ್ಡ ಕೋಣೆಯಲ್ಲಿ ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಗಡಿಯಾರ ನಿಲ್ಲಿಸಿದ್ದರು. ಗಂಡಸರು ಹಜಾರದಲ್ಲಿ ನಿಂತು ವಿಸ್ಕಿಯ ಜೊತೆ ಓಟ್ಸಿನ ಗಟ್ಟಿ ರೊಟ್ಟಿ ಕಡಿಯುತ್ತ ಮೆಲುದನಿಯಲ್ಲಿ ಹಿಮದ ಮಾತಾಡುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಅವರೆಲ್ಲ ಚರ್ಚಿಗೆ ಹೊರಡುತ್ತಾರೆ. ಹೆಂಗಸರು ಮನೆಯಲ್ಲೇ ಉಳಿಯುತ್ತಾರೆ. ಕಣಿವೆಯ ಪದ್ಧತಿ ಅದು.

ಮುರ್ಡೊ ಈಗ ಜಿಲ್ಲೆಯ ಪೊಲೀಸ್ ಇನ್‌ಸ್ಪೆಕ್ಟರ್. ಆದರೂ ಈ ಮನೆಯೊಳಗೆ ಕಾಲಿಟ್ಟರೆ ಟೋಪಿ ತಾನಾಗಿ ಕೈಗೆ ಬರುತ್ತಿತ್ತು. ಕಳೆದ ವಾರ ದೇಶದ ದೊರೆಯ ಖಾಸಗಿ ಮುದ್ರೆಯುಂಗುರ ಕಾಣೆಯಾಗಿದೆಯೆಂದು ಅರಮನೆಯಿಂದ ಗುಟ್ಟಾಗಿ ಸುದ್ದಿ ಬಂದಿತ್ತು. ಅರಮನೆಯ ಸೇವೆಯಲ್ಲಿದ್ದು ಅದರ ಹೊಣೆ ಹೊತ್ತಿದ್ದ ಅರ್ಲ್ ಮರುದಿನವೇ ತಮ್ಮ ಬಂದೂಕಿನ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ದರು. ಹೃದಯ ನಿಂತು ಸತ್ತರು ಎಂದು ಮನೆಯ ಡಾಕ್ಟರು ಲೆಕಿ ಹೇಳಿದ್ದ.

ಸತ್ತವರ ಹಣೆಯನ್ನು ಒಮ್ಮೆ ಮುಟ್ಟಿ ಕಳಿಸದಿದ್ದರೆ ಅವರು ಕನಸಿಗೆ ಬರುತ್ತಾರೆ ಎಂಬ ನಂಬಿಕೆ ಈ ಕಡೆಯ ಹಾಲು ಕುಡಿಯುವ ಕೂಸಿಗೂ ಗೊತ್ತು. ಮಗಳಿಗೇ ಅದನ್ನು ತಪ್ಪಿಸಿದ್ದರು.

"ಯಾಕಂತೆ ಸಣ್ಣಮ್ಮಾವ್ರೇ?"

"ಬೀಳೋವಾಗ ಮುಖ ಒಲೆಕಟ್ಟೆಗೆ ಬಡಿದಿದೆ, ಹೆಂಗಸರು ನೋಡೋದು ಬೇಡ ಅಂದ್ರು ಡಾಕ್ಟ್ರು. ನಾನೇನು ಮುಖ ನೋಡ್ತೀನಿ ಅಂದ್ನಾ? ಕಣ್ಣು ಮುಚ್ಕೊಂಡು ಮುಟ್ತೀನಿ ಅಂದೆ. ಅಣ್ಣ ನನ್ನ ಕೈ ಹಿಡಿದು ಹೊರಗೆ ಕರ್ಕೊಂಡು ಬಂದ. ಅಷ್ಟು ಹೊತ್ತಿಗೆ ಮುಚ್ಚಳಕ್ಕೆ ತಿರುಪು ಬಿಗಿದಾಗಿತ್ತು."

ಹೆಣವನ್ನು ಪೆಟ್ಟಿಗೆಯಲ್ಲಿಡುವಾಗ ಪಾದ್ರಿ ಬಂದು ನಿಂತು ಪ್ರಾರ್ಥನೆ ಹೇಳಬೇಕು. ಪಾದ್ರಿ ಬೀಟನ್ ಬಂದದ್ದು ತಿರುಪು ಬಿಗಿದ ಮೇಲೆ. ಇನ್ನು ಎಸ್ಟೇಟಿನ ಒಕ್ಕಲುಗಳು ತಮ್ಮ ಧಣಿಯನ್ನು ಹೆಗಲ ಮೇಲೆ ಹೊತ್ತೊಯ್ಯಬೇಕು. ದಾರಿಯಲ್ಲಿ ಹಿಮ ಹೆಚ್ಚಿದೆ, ಜಾರಿಬಿದ್ದರೆ ಕಷ್ಟ ಎಂದು ಹೇಳಿ ಮೋಟಾರು ತರಿಸಿದ್ದರು. ಒಂದೊಂದಕ್ಕೂ ಒಂದೊಂದು ನೆಪ, ಒಂದೊಂದೂ ಒಪ್ಪುವಂಥದ್ದೇ. ಮುರ್ಡೊಗೆ ಒಗ್ಗದೆ ಹೋದದ್ದು ಅದೇ. ಈ ಮನೆಯಲ್ಲಿ ಹಳೇ ಪದ್ಧತಿಯೊಂದನ್ನು ಬಿಡಬೇಕಾದರೆ ವರ್ಷಗಟ್ಟಲೆ ಜಗಳ ನಡೆಯುತ್ತಿತ್ತು. ಈಗ ಒಂದೇ ಸಾವಿಗೆ ಎಲ್ಲವನ್ನೂ ಬಿಟ್ಟಿದ್ದರು.

ಯಾರಿಗೂ ಆ ಹೆಣವನ್ನು ಮುಟ್ಟಲು, ನೋಡಲು, ಹೊರಲು ಬಿಟ್ಟಿರಲಿಲ್ಲ.

ಬೆಳಿಗ್ಗೆ ಅವನು ಬಂದೂಕಿನ ಕೋಣೆಗೆ ಇಣುಕಿ ಬಂದಿದ್ದ. ಧಣಿಗಳ ಮರದ ಕಾಲು, ಹೊಳೆಯುವ ಬೂಟಿನ ಸಮೇತ, ಮೂಲೆಯಲ್ಲಿ ನಿಂತಿತ್ತು. ದೇವರ ಮುಂದೆ ಮರದ ತುಂಡು ಯಾಕೆ ಎಂದು ಡಾಕ್ಟರು ಬಿಚ್ಚಿಟ್ಟರಂತೆ.

"ಇನ್ನೊಂದು ಮಾತು," ಅಂದಳು ಮಾರ್ಸಲಿ. "ಅಪ್ಪನಿಗೆ ಅರಮನೆ ಉಡುಪು ಹಾಕಿ ಕಳಿಸಿದ್ದೀವಿ ಅಂತಾನೆ ಅಣ್ಣ. ಎದೆಗೆ ಓರೆಯಾಗಿ ಹಾಕೋ ಆ ಭುಜಪಟ್ಟಿ ಕಟ್ಟಿದ್ದು ಯಾರು? ಅಪ್ಪ ಅದನ್ನ ಯಾರ ಕೈಗೂ ಕೊಡ್ತಿರಲಿಲ್ಲ. ಪಿರೀ ಒಬ್ಬನೇ ಕಟ್ಟಬೇಕು, ಇಲ್ಲ ಅಪ್ಪನೇ ಕಟ್ಕೋಬೇಕು. ಪಿರೀ ನೋಡಿದ್ರೆ ಊರಲ್ಲೇ ಇಲ್ಲ."

ಪಿರೀ ಅರ್ಲ್ ಅವರ ಖಾಸಾ ಚಾಕರ. ಧಣಿಗಳಷ್ಟೇ ಎತ್ತರ, ಅಷ್ಟೇ ಅಗಲ. ಅವರು ಬಿಟ್ಟ ಕೋಟುಗಳು ಅವನಿಗೆ ಒಂದು ಹೊಲಿಗೆಯನ್ನೂ ಬಿಚ್ಚದೆ ಹಿಡಿಸುತ್ತಿದ್ದವು. ಹಿಂದಿನಿಂದ ನೋಡಿ ಧಣಿಗಳೇ ಅಂದುಕೊಂಡು ಬಗ್ಗಿ ನಮಸ್ಕರಿಸಿದೆವು ಎಂದು ಅಡುಗೆಮನೆಯ ಹೆಂಗಸರು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಕತ್ತಿಯ ಒರೆಗೆ ಸಿಕ್ಕಿ ಎರಡಾಗಿ ಸೀಳಿದ್ದ ಎಡಗೈ ಹೆಬ್ಬೆರಳಿನ ಉಗುರನ್ನು ತೋರಿಸಿ ಅವನು, ಕಾಲೊಂದು, ಇದೊಂದು ಬಿಟ್ಟರೆ ನಾನೇ ಅರ್ಲ್ ಎನ್ನುತ್ತಿದ್ದ. ದೊರೆಯ ಸೇವೆಯಲ್ಲಿದ್ದವರು ಸತ್ತರೆ ಅವರ ಪದಕಗಳನ್ನು ದೊರೆಗೇ ಹಿಂದಿರುಗಿಸಬೇಕು. ಅದಕ್ಕಾಗಿ ಪಿರೀಯನ್ನು ಕಳಿಸಿದ್ದರು. ಡಾಕ್ಟರು ಲೆಕಿಯೇ ಅವನನ್ನು ತನ್ನ ಕಾರಿನಲ್ಲಿ ರೈಲಿಗೆ ಬಿಟ್ಟುಬಂದಿದ್ದನಂತೆ.

"ನೀವು ಅಲ್ಲಿಗೆ ಹೋಗ್ತೀರಲ್ಲ ಮುರ್ಡೊ," ಅಂದಳು ಅವಳು. "ಅಪ್ಪ ನೆಮ್ಮದಿಯಾಗಿ ಮಲಗಿದಾರೆ ಅಂತ ಬಂದು ಹೇಳಿ. ನಿಮ್ಮ ಬಾಯಿಂದ ಬಂದ್ರೆ ನಂಬ್ತೀನಿ."

ಮುರ್ಡೊ ತಲೆಯಾಡಿಸಿದ. ಪೆಟ್ಟಿಗೆ ಒಮ್ಮೆ ಕಲ್ಲಿನ ಗೋರಿಯೊಳಗೆ ಇಳಿದು ಮೇಲೆ ಚಪ್ಪಡಿ ಕೂತರೆ, ಅದನ್ನು ಮತ್ತೆ ಎಬ್ಬಿಸಲು ಎಡಿನ್‌ಬರೋದ ಕೋರ್ಟಿನಿಂದ ಅಪ್ಪಣೆ ಬರಬೇಕು. ದೊರೆಯೇ ಹೂಮಾಲೆ ಕಳಿಸಿದ ಹೆಣದ ಮೇಲೆ ಯಾವ ನ್ಯಾಯಾಧೀಶ ಅಂಥ ಅಪ್ಪಣೆ ಬರೆಯುತ್ತಾನೆ? ಚಪ್ಪಡಿ ಕೂರುವುದರೊಳಗೆ ಏನಾದರೂ ಕಂಡರೆ ಕಂಡಂತೆ. ಇಲ್ಲವಾದರೆ ಮುಗಿಯಿತು.

* * *

ಚರ್ಚಿನ ಅಂಗಳದಲ್ಲಿ ಗಾಳಿಯಿರಲಿಲ್ಲ. ಗೋರಿಕಲ್ಲುಗಳ ತಲೆಯ ಮೇಲೆಲ್ಲ ಹಿಮದ ಟೋಪಿ. ಕರೀ ಕೋಟಿನ ಗಂಡಸರು ಗುಂಡಿಯ ಸುತ್ತ ನಿಂತರು. ಅಡ್ಡ ಹಲಗೆಗಳ ಮೇಲೆ ಓಕ್ ಮರದ ಪೆಟ್ಟಿಗೆ. ಅದರ ಮೇಲೆ ಎಂಟು ಕರೀ ಹಗ್ಗಗಳ ಸುರುಳಿ, ತುದಿಗೊಂದು ರೇಷ್ಮೆ ಕುಚ್ಚು.

ಇಲ್ಲಿ ಗುಂಡಿ ತೋಡುವವರು ಹೆಣ ಇಳಿಸುವುದಿಲ್ಲ. ಇಳಿಸುವವರು ಸ್ವಂತದವರು. ಯಾವ ಹಗ್ಗ ಯಾರಿಗೆ ಎಂಬುದಕ್ಕೆ ಮೇಲುಕೀಳಿನ ಲೆಕ್ಕವಿದೆ. ಆ ಲೆಕ್ಕ ತಪ್ಪಿ ಮೂರು ತಲೆಮಾರು ಮಾತು ಬಿಟ್ಟ ದಾಯಾದಿಗಳು ಇದೇ ಕಣಿವೆಯಲ್ಲಿದ್ದರು.

ಪಾದ್ರಿ ಬೀಟನ್ ಹೆಸರು ಕರೆಯತೊಡಗಿದರು. ತಲೆದೆಸೆಗೆ ಹಿರಿಯ ಮಗ ರಾನಲ್ಡ್. ಅವನು ಮುಂದೆ ಬಂದು ಕುಚ್ಚು ಹಿಡಿದ. ಮುಖ ಹಿಮಕ್ಕಿಂತ ಬಿಳಿಚಿಕೊಂಡಿತ್ತು. ಪಕ್ಕದ ಆರು ಹಗ್ಗಗಳಿಗೂ ಜನ ಬಂದರು. ಕೊನೆಗೆ ಕಾಲ್ದೆಸೆಗೆ ಅರಮನೆಯ ಪರವಾಗಿ ಬರಬೇಕಾಗಿದ್ದ ಒಬ್ಬ ಹಿರಿಯರ ಹೆಸರು.

ಯಾರೂ ಕದಲಲಿಲ್ಲ.

ಅವರ ರೈಲು ಹಿಮದಲ್ಲಿ ಸಿಕ್ಕಿಕೊಂಡಿದೆಯೆಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಪಾದ್ರಿ ಕನ್ನಡಕದ ಮೇಲಿನಿಂದ ಸುತ್ತ ನೋಡಿದರು. ಹಗ್ಗ ಖಾಲಿ ಬಿಟ್ಟು ಹೆಣ ಇಳಿಸಿದರೆ ಸತ್ತವನಿಗೆ ಒಬ್ಬ ಸ್ನೇಹಿತ ಕಮ್ಮಿಯಿದ್ದ ಎಂದು ಊರೆದುರು ಸಾರಿದ ಹಾಗೆ.

"ನಾನು ಹಿಡೀತೀನಿ," ಅಂತ ಡಾಕ್ಟರು ಲೆಕಿ ಮುಂದೆ ಬಂದ. ಅವನ ಕೈಯಲ್ಲಿ ಆಗಲೇ ಪಕ್ಕದ ಹಗ್ಗವೊಂದಿತ್ತು.

"ಎರಡೆರಡು ಹಗ್ಗ ಹಿಡಿಯೋಕೆ ಇದೇನು ಕುದುರೆ ಸಾರೋಟಾ ಡಾಕ್ಟ್ರೇ?" ಅಂದ ಗುಂಡಿ ತೋಡುವ ಮುದುಕ ಡಾಯಿಗ್. ಯಾರೋ ಕೆಮ್ಮಿ ನಗು ನುಂಗಿಕೊಂಡರು.

ಅಷ್ಟರಲ್ಲಿ ಮುರ್ಡೊ ಟೋಪಿ ತೆಗೆದು ಕಾಲ್ದೆಸೆಗೆ ಬಂದು ನಿಂತಿದ್ದ. ಯುದ್ಧದಲ್ಲಿ ಧಣಿಗಳಿಗೆ ಕೊಟ್ಟ ಮಾತಿದೆ ಎಂದಷ್ಟೇ ಹೇಳಿದ. ರಾನಲ್ಡ್ ಬಾಯಿ ತೆರೆದ, ಊರವರನ್ನೆಲ್ಲ ನೋಡಿದ, ಮುಚ್ಚಿಕೊಂಡ. ಜನರೆದುರು ಕೈಗೆ ಬಂದ ಹಗ್ಗವನ್ನು ಕಿತ್ತುಕೊಳ್ಳುವ ಪದ್ಧತಿಯೂ ಈ ಕಡೆ ಇಲ್ಲ. ಲೆಕಿ ಮಾತ್ರ ಮುರ್ಡೊನ ಮುಖ ನೋಡುತ್ತಲೇ ಇದ್ದ.

ಡಾಯಿಗ್ ಹಲಗೆಗಳನ್ನು ಎಳೆದ. ಪೆಟ್ಟಿಗೆಯ ಭಾರ ಎಂಟು ಜೊತೆ ಕೈಗಳಿಗೆ ಬಿತ್ತು.

ಮುರ್ಡೊ ಮೊಳಕೈ ಸಡಿಲ ಬಿಟ್ಟು ನಿಂತಿದ್ದ. ಹಗುರ ಬರುತ್ತದೆಂದು ಅವನ ತೋಳು ತನ್ನಷ್ಟಕ್ಕೆ ಕಾಯುತ್ತಿತ್ತು. ಹಗ್ಗ ಸರಕ್ಕನೆ ಜಾರಿ ಅಂಗೈ ಚರ್ಮ ಸುಲಿಯಿತು. ಅವನು ಕಾಲೂರಿ ಹಿಡಿದ.

ಗೇಣುದ್ದ ಇಳಿಯಿತು. ಇನ್ನೊಂದು ಗೇಣು. ಭಾರ ಭಾರವಾಗಿಯೇ ಇತ್ತು. ಪೆಟ್ಟಿಗೆ ಯಾವ ಮಗ್ಗುಲಿಗೂ ವಾಲಲಿಲ್ಲ.

ಫ್ರಾನ್ಸಿನಿಂದ ಬಂದ ಮೇಲೂ ಎಷ್ಟು ಸಲ ಹೊತ್ತಿಲ್ಲ ಅವರನ್ನು! ಮೀನು ಹಿಡಿಯಲು ಹೊಳೆ ದಾಟಿಸುವಾಗ, ಜ್ವರ ಬಂದಾಗ, ಮೆಟ್ಟಿಲಲ್ಲಿ ಬಿದ್ದಾಗ. ಮರದ ಕಾಲು ಬಿಚ್ಚಿದ ಧಣಿಗಳ ಕಾಲ್ದೆಸೆಯನ್ನು ಒಂದು ಕೈಯಲ್ಲಿ ಎತ್ತಬಹುದಾಗಿತ್ತು.

ಇದು ಆ ತೂಕವಲ್ಲ.

"ನಿಲ್ಲಿಸಿ," ಅಂದ ಮುರ್ಡೊ.

ಅವನು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿದ. ಕಾಲ್ದೆಸೆ ಗಾಳಿಯಲ್ಲೇ ನಿಂತಿತು. ಉಳಿದವರೂ ನಿಲ್ಲಬೇಕಾಯಿತು.

"ಇಳಿಸ್ರೀ," ಅಂದ ಲೆಕಿ. "ಏನು ಅವಮರ್ಯಾದೆ ಇದು."

"ಡಾಯಿಗ್, ಮೇಲೆತ್ತುತ್ತೀವಿ. ಹಲಗೆ ಹಾಕು."

ಡಾಯಿಗ್ ಪಾದ್ರಿಯ ಮುಖ ನೋಡಿದ. ತಿರುಪು ಬಿಗಿದ ಪೆಟ್ಟಿಗೆಯ ಮುಂದೆ ತಾವು ಹೇಳಿದ ಪ್ರಾರ್ಥನೆ ಪಾದ್ರಿಗಳಿಗೂ ಒಗ್ಗಿರಲಿಲ್ಲವೋ ಏನೋ. ಆಗಲಿ ಎಂದು ತಲೆಯಾಡಿಸಿದರು. ಪೆಟ್ಟಿಗೆ ಮೇಲೆ ಬಂತು, ಹಲಗೆಗಳು ಮತ್ತೆ ಅಡ್ಡ ಬಿದ್ದವು.

* * *

ರಾನಲ್ಡ್ ತನ್ನ ಹಗ್ಗವನ್ನು ಪೆಟ್ಟಿಗೆಯ ಮೇಲೆ ಎಸೆದು ಗುಂಡಿ ಸುತ್ತಿಕೊಂಡು ಬಂದ. ಅವನಿಗೆ ಗಾಳ ಕಟ್ಟುವುದನ್ನು ಕಲಿಸಿದವನು ಮುರ್ಡೊ. ಮುಖಕ್ಕೆ ಮುಖ ಇಟ್ಟು, ಬೇರೆಯವರಿಗೆ ಕೇಳದ ಹಾಗೆ ಮಾತಾಡಿದ.

"ಏನು ಬೇಕು ನಿಂಗೆ?"

"ಮುಚ್ಚಳ ತೆಗೀಬೇಕು, ಸಣ್ಣ ಧಣಿ."

"ತಲೆ ಕೆಟ್ಟಿದೆ ನಿಂಗೆ. ಊರೆಲ್ಲಾ ನಿಂತಿದೆ. ಹೋಗಿ ಹಗ್ಗ ಇಳಿಸು."

"ಆಗಲ್ಲ."

"ನಾಳೆ ನೀನು ಪೊಲೀಸಿನಲ್ಲಿ ಇರಲ್ಲ, ಗೊತ್ತಾ? ನಿಮ್ಮಪ್ಪ ಸತ್ತ ಆ ಗುಡಿಸಲೂ ನಮ್ಮದೇ."

"ಗೊತ್ತು."

ರಾನಲ್ಡ್ ಕಣ್ಣು ಮುಚ್ಚಿದ. ತೆರೆದಾಗ ಸಿಟ್ಟು ಇಳಿದಿತ್ತು, ದಣಿವೊಂದೇ ಉಳಿದಿತ್ತು.

"ಅಪ್ಪ ಬಿದ್ದು ಸತ್ತಿಲ್ಲ ಮುರ್ಡೊ. ಹೊಡ್ಕೊಂಡ್ರು. ತಮ್ಮ ಬಂದೂಕಿನಲ್ಲೇ. ಮುಖ ಅನ್ನೋದು ಉಳಿದಿಲ್ಲ. ಸಾಕಾ? ಇದನ್ನ ಕೇಳೋಕೆ ನಿಲ್ಲಿಸಿದ್ಯಾ?"

ದಿನವೂ ಬೇಟೆ ನಡೆಯುವ ಈ ಕಣಿವೆಯಲ್ಲಿ ಬಂದೂಕಿನ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ.

"ಆ ಮುದ್ರೆ ಕಳೆದಿತ್ತಲ್ಲ. ಆ ಅವಮಾನಕ್ಕೆ," ರಾನಲ್ಡ್ ಮುಂದುವರಿಸಿದ. "ದೊರೆ ಪಕ್ಕ ಇಪ್ಪತ್ತು ವರ್ಷ ನಿಂತವರು ಹೀಗೆ ಸತ್ತರು ಅಂತ ಗೊತ್ತಾದ್ರೆ ನಮ್ಮ ಮನೆ ಇರಲಿ, ಅರಮನೆ ಬಾಗಿಲಿಗೂ ಮಸಿ. ಮಾರ್ಸಲಿ ಬದುಕ್ತಾಳಾ? ಲೆಕಿ ಪುಣ್ಯಾತ್ಮ, ಹೃದಯ ಅಂತ ಬರೆದುಕೊಟ್ಟ. ಒಬ್ಬನೇ ತೊಳೆದ, ಒಬ್ಬನೇ ಉಡಿಸಿದ. ನನ್ನನ್ನೂ ಹತ್ರ ಬಿಡಲಿಲ್ಲ. ಈಗ ನೀನು ಅದೇ ಮುಚ್ಚಳ ತೆಗೆದು ಅವರ ಮಾನಾನ ಹರಾಜಿಗಿಡ್ತೀಯ. ಅವರು ನಿಂಗೆ ಏನು ಕಮ್ಮಿ ಮಾಡಿದ್ರು?"

ಏನೂ ಕಮ್ಮಿ ಮಾಡಿರಲಿಲ್ಲ. ಮುರ್ಡೊನ ಓದು, ಕೆಲಸ, ಮೈಮೇಲಿನ ಈ ಕರೀ ಕೋಟು, ಎಲ್ಲದರ ಹಿಂದೆ ಧಣಿಗಳ ಒಂದು ಮಾತಿತ್ತು. ರಾನಲ್ಡ್ ಹೇಳುತ್ತಿರುವುದು ನಿಜವಾಗಿದ್ದರೆ, ಈ ಮುಚ್ಚಳ ತೆಗೆದ ಮೇಲೆ ತನಗೆ ಇಲ್ಲಿ ನೆಲೆಯಿರುವುದಿಲ್ಲ. ಕನ್ನಡಿ ಹಿಡಿದು ಮುಖ ನೋಡಿಕೊಳ್ಳುವ ಧೈರ್ಯವೂ ಇರುವುದಿಲ್ಲ. ನಿಜವಲ್ಲದಿದ್ದರೆ, ಈಗ ಇಳಿಸಿದ್ದು ಎಂದೆಂದಿಗೂ ಮೇಲೆ ಬರುವುದಿಲ್ಲ.

ಅವನು ಹಗ್ಗ ಸುತ್ತಿದ್ದ ಕೈಯನ್ನು ಮುಂದೆ ಚಾಚಿದ.

"ಹೊಳೆ ದಾಟಿಸೋವಾಗ ನೀವೂ ಅವರ ಕಾಲ್ದೆಸೆ ಹಿಡಿದಿದ್ರಿ, ನೆನಪಿದೆಯಾ? ಇದೆಂಥ ಅಪ್ಪ ನಮ್ಮಪ್ಪ, ಅರ್ಧ ಚೀಲ ಓಟ್ಸಿನಷ್ಟೂ ಭಾರ ಇಲ್ಲ ಅಂತ ನಗ್ತಿದ್ರಿ. ಇದನ್ನ ಹಿಡೀರಿ. ಒಂದೇ ಒಂದು ಸಲ ಎತ್ತಿ. ಆಮೇಲೆ ನೀವು ಇಳಿಸು ಅಂದ್ರೆ ಇಳಿಸ್ತೀನಿ."

"ಮರದ ಕಾಲು ಇರಬಹುದು ಒಳಗೆ."

"ಅದು ನಿಮ್ಮ ಬಂದೂಕಿನ ಕೋಣೆಲಿ ನಿಂತಿದೆ. ಬೆಳಿಗ್ಗೆ ನೋಡಿ ಬಂದೆ."

ರಾನಲ್ಡ್ ಮುರ್ಡೊನ ಕೈಯ ಪಕ್ಕದಲ್ಲೇ ಹಗ್ಗ ಹಿಡಿದ. ಅಸಡ್ಡೆಯಿಂದಲೇ ಹಿಡಿದ. ಎತ್ತಿದ.

ಪೆಟ್ಟಿಗೆಯ ಕಾಲ್ದೆಸೆ ಹಲಗೆಯಿಂದ ಮೇಲೇಳಲಿಲ್ಲ. ಅವನು ಇನ್ನೊಂದು ಕೈಯನ್ನೂ ಸೇರಿಸಿದ. ಬೆರಳೊಂದರಷ್ಟು ಎದ್ದು ದಡ್ ಎಂದು ಕೂತಿತು.

ಅವನು ಆ ಸದ್ದು ಮುಗಿದ ಮೇಲೂ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಆಮೇಲೆ ಪಾದ್ರಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಪೆಟ್ಟಿಗೆಯನ್ನು ಕಾವಲು ಮನೆಗೆ ಸಾಗಿಸಿ ಅಂದ.

* * *

ಹೆಣ ಕದಿಯುವವರ ಕಾಟವಿದ್ದ ಕಾಲದಲ್ಲಿ, ಹೊಸ ಗೋರಿಗಳನ್ನು ಕಾಯಲೆಂದು ಅಂಗಳದ ಮೂಲೆಯಲ್ಲಿ ಕಟ್ಟಿಸಿದ್ದ ಕಲ್ಲಿನ ಕೋಣೆ ಅದು. ಈಗ ಡಾಯಿಗ್‌ನ ಗುದ್ದಲಿ, ಸನಿಕೆಗಳು ಅಲ್ಲಿರುತ್ತಿದ್ದವು. ಪೆಟ್ಟಿಗೆಯನ್ನು ಕಲ್ಲುಮೇಜಿನ ಮೇಲಿಟ್ಟು ಹೊತ್ತುತಂದವರು ಹೊರಗೆ ಹೋದರು. ಒಳಗೆ ಪಾದ್ರಿ, ರಾನಲ್ಡ್, ಡಾಯಿಗ್. ಮುರ್ಡೊ ಕಾಲ್ದೆಸೆಯ ಹಗ್ಗವನ್ನು ಇನ್ನೂ ಕೈಗೆ ಸುತ್ತಿಕೊಂಡೇ ಇದ್ದ.

ಡಾಯಿಗ್ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದ. ಮುಚ್ಚಳ ಸರಿಸಿದ.

ಮುಖದ ಮೇಲೆ ದಪ್ಪ ಬಟ್ಟೆಯಿತ್ತು. ಅದನ್ನು ಹಾಗೇ ಬಿಡಿ ಅಂದ ಮುರ್ಡೊ. ಕೆಂಪು ಅರಮನೆ ಕೋಟು, ಎದೆಯ ಮೇಲೆ ಓರೆಯಾಗಿ ಹಸಿರು ಭುಜಪಟ್ಟಿ, ಚೌಕಳಿಯ ಷರಾಯಿ, ಕೈಗೆ ಬಿಳೀ ಗವಸು. ಕೆಳಗೆ ಬೆಳ್ಳಿ ಬಕ್ಕಲಿನ ಬೂಟುಗಳು.

ಎರಡು ಬೂಟು.

ಮುರ್ಡೊ ಬಲ ತೊಡೆಯನ್ನು ಒತ್ತಿ ನೋಡಿದ. ಮೊಣಕಾಲು. ಮೀನಖಂಡ. ಹೆಣದ ತಣ್ಣನೆಯ ಬಿಗಿ ಮಾಂಸ, ಒಳಗೆ ಮೂಳೆ. ರಾನಲ್ಡ್ ತಾನೂ ಕೈಯಿಟ್ಟ, ಬೆಂಕಿ ಮುಟ್ಟಿದವನ ಹಾಗೆ ತೆಗೆದ.

ಎಡಗೈಯ ಗವಸು ಸುಲಭಕ್ಕೆ ಬರಲಿಲ್ಲ. ಬೆರಳು ಬೆರಳಾಗಿ ಎಳೆಯಬೇಕಾಯಿತು. ಕೊನೆಗೆ ಹೆಬ್ಬೆರಳು ಹೊರಬಂತು. ಉಗುರು ನಟ್ಟನಡುವೆ ಎರಡಾಗಿ ಸೀಳಿತ್ತು.

"ಪಿರೀ," ಅಂದರು ಪಾದ್ರಿ.

ರಾನಲ್ಡ್ ಗೋಡೆಗೆ ಒರಗಿದ. ಅವನ ಮುಖ ಸೊಟ್ಟಗಾಯಿತು. ಅಳುತ್ತಾನೆಂದುಕೊಂಡರೆ ನಗು ಬಂತು. "ಹಾಗಾದ್ರೆ ಅಪ್ಪ ಇದಾರೆ. ಮುರ್ಡೊ, ಅಪ್ಪ ಬದುಕಿದಾರೆ ಕಣೋ. ಬೆಳಿಗ್ಗೆಯಿಂದ ನೀನು ನನ್ನನ್ನ ಧಣಿ ಅನ್ನದೆ ಸಣ್ಣ ಧಣಿ ಅಂತಲೇ ಕರೀತಿದೀಯ, ನಿಂಗೆ ಗೊತ್ತಿತ್ತು. ಆ ಲೆಕಿ ಅವರನ್ನ ಎಲ್ಲಿಟ್ಟಿದಾನೆ? ಏನು ಮಾಡಿದಾನೆ ಅವರನ್ನ?"

ಮುರ್ಡೊಗೆ ಏನೂ ಗೊತ್ತಿರಲಿಲ್ಲ. ದೊಡ್ಡವರು ಹೋದರೆಂದು ನಾಲಿಗೆ ಒಪ್ಪಿರಲಿಲ್ಲ, ಅಷ್ಟೆ. ಅವನ ಕಣ್ಣು ಹೆಣದ ಸೊಂಟದ ಬಳಿ ನಿಂತಿತ್ತು. ಮಾರ್ಸಲಿ ಕೇಳಿದ ಪ್ರಶ್ನೆ ಅಲ್ಲಿ ಕೂತಿತ್ತು.

ಎಲ್ಲರೂ ಭುಜಪಟ್ಟಿಯ ಗಂಟನ್ನು ಎಡಕ್ಕೆ ತಂದು ಬಿಡುತ್ತಾರೆ. ಇಲ್ಲಿ ಮೂರು ಮಡಿಕೆ ಮಡಿಚಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ, ಧಣಿಗಳ ಊರುಗೋಲಿಗೆ ತೊಡರದ ಹಾಗೆ ಬೆನ್ನಿನ ಕಡೆಗೆ ಸರಿಸಿ ಕಟ್ಟಿತ್ತು. ಮಡಿಕೆಗಳು ಇಸ್ತ್ರಿ ಹಾಕಿದಂತೆ ಒಂದರ ಮೇಲೊಂದು. ಅವಸರವಿಲ್ಲದೆ, ಚಂದ ನೋಡಿಕೊಂಡು ಕಟ್ಟಿದ ಗಂಟು.

"ಸಣ್ಣ ಧಣಿ, ಈ ಗಂಟು ಲೆಕಿಗೆ ಬರುತ್ತಾ?"

"ಎಲ್ಲಿ ಬರುತ್ತೆ. ನಂಗೇ ಬರಲ್ಲ. ಅಪ್ಪ ಯಾರಿಗೂ ಕಲಿಸಲಿಲ್ಲ. ಪಿರೀಗೆ ಬರ್ತಿತ್ತು, ಮತ್ತೆ..."

ರಾನಲ್ಡ್ ಅಲ್ಲಿಗೇ ನಿಲ್ಲಿಸಿದ. ನಗು ಅವನ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ಹೊರಡಲು ದಾರಿ ತಿಳಿಯದಂತೆ.

ಗಂಟು ಬಲ್ಲವರು ಇಬ್ಬರು. ಒಬ್ಬ ಪೆಟ್ಟಿಗೆಯಲ್ಲಿದ್ದ. ಕಾಣೆಯಾದ ಮುದ್ರೆಯ ಹೊಣೆ ಹೊತ್ತಿದ್ದವರು ಇನ್ನೊಬ್ಬರು.

ಹೊರಗೆ ಕಾರೊಂದು ಗುರುಗುಟ್ಟಿತು. ಡಾಯಿಗ್ ಕಿಟಕಿಯಿಂದ ಇಣುಕಿ, ಡಾಕ್ಟ್ರು ಹೊರಟ್ರು, ಪಕ್ಕದಲ್ಲಿ ಇನ್ನೊಬ್ಬರು ಕೂತಿದಾರೆ ಅಂದ. ಯಾರೆಂದು ಪಾದ್ರಿ ಕೇಳಿದರು. ಗಾಜಿನ ತುಂಬ ಹಿಮ, ಮುಖ ಕಾಣಲಿಲ್ಲ. ಬಾಗಿಲಿಂದಾಚೆ ಊರುಗೋಲಿನ ತುದಿ ಇತ್ತು, ಅದನ್ನು ಒಳಗೆಳೆದುಕೊಂಡರು ಎಂದ ಡಾಯಿಗ್.

ಮುರ್ಡೊ ಕೈಗೆ ಸುತ್ತಿದ್ದ ಹಗ್ಗವನ್ನು ಬಿಚ್ಚಿದ. ಅಂಗೈಯ ರಕ್ತಕ್ಕೆ ಅದು ಅಂಟಿಕೊಂಡಿತ್ತು. ಅದನ್ನು ಪಿರೀಯ ಕಾಲುಗಳ ಮೇಲಿಟ್ಟು, ಟೋಪಿ ಹಾಕಿಕೊಂಡು, ಆ ಕಾರನ್ನು ಬೆನ್ನಟ್ಟಲು ಬಾಗಿಲಿನತ್ತ ನಡೆದ.

ಪೆಟ್ಟಿಗೆ ಇನ್ನೂ ನೆಲ ಮುಟ್ಟಿರಲಿಲ್ಲ. ಹ್ಯೂ ಡಲ್ಗಾರ್ನೊಗೆ ಕೊಟ್ಟ ಮಾತನ್ನು ಅವನು ಮುರಿದ.